ಮೋಟಾರು ಸೈಕಲ್ಲಿಗೆ ಹೊಸ ಟೈರುಗಳ ಆಯ್ಕೆ: ಸೊರಬ–ಶಿಕಾರಿಪುರ ಸೀಮೆಯ ರಸ್ತೆಗಳನ್ನು ಕುರಿತು ಒಂದು ವಿವೇಚನೆ

1. ವಿಷಯ ಪ್ರವೇಶ

ಸೊರಬ ತಾಲ್ಲೂಕಿನ ಹೊಸಬಾಳೆಯಂತಹ ಗ್ರಾಮದಲ್ಲಿ ಮೋಟಾರು ಸೈಕಲ್ಲು ಇಂದು ವಿಲಾಸದ ವಸ್ತುವಾಗಿ ಉಳಿದಿಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಅಡಿಕೆಯ ಚೀಲ, ಶಾಲೆಗೆ ಹೋಗುವ ಮಗು, ಆಸ್ಪತ್ರೆಗೆ ಹೋಗುವ ವೃದ್ಧರು ಎಲ್ಲವೂ ಎಲ್ಲರೂ ಅದನ್ನೇ ಅವಲಂಬಿಸಿರುವರು. ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಈ ವಾಹನದ ಮೇಲೆ ನಿತ್ಯವೂ ಹಲವು ಮೈಲಿ ಸಂಚರಿಸುವವರು ಅನೇಕರಿದ್ದಾರೆ. ಆದರೂ ಈ ಯಂತ್ರದ ಯಾವ ಭಾಗವು ಸವಾರನ ಪ್ರಾಣವನ್ನು ನೇರವಾಗಿ ಹೊತ್ತಿದೆಯೋ ಆ ಭಾಗದ ಬಗೆಗೆ, ಎಂದರೆ ಟೈರಿನ ಬಗೆಗೆ, ನಮ್ಮ ಜನ ಯೋಚಿಸುವುದು ಅತ್ಯಲ್ಪ. ಹಳೆಯ ಟೈರು ಸವೆದಾಗ ಅಂಗಡಿಯವನು ಕೊಟ್ಟುದನ್ನು ಹಾಕಿಸಿಕೊಳ್ಳುವುದು ಒಂದು ರೂಢಿ; ಪಂದ್ಯದ ವಾಹನಗಳಲ್ಲಿ ಕಂಡ ದಪ್ಪನೆಯ ಟೈರನ್ನು ಹಂಬಲಿಸಿ ತರಿಸುವುದು ಮತ್ತೊಂದು ರೂಢಿ. ಇವೆರಡೂ ವಿವೇಕದ ಮಾರ್ಗಗಳಲ್ಲವೆಂಬುದನ್ನು ತೋರಿಸಿ, ಭೌತಶಾಸ್ತ್ರದ ಸರಳ ನಿಯಮಗಳ ಸಹಾಯದಿಂದ ಆಯ್ಕೆಯ ಕ್ರಮವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಯ್ಕೆಯ ಪ್ರಶ್ನೆಯೇ ಒಂದು ಹೊಸ ಪ್ರಶ್ನೆ. 1885ರಲ್ಲಿ ಜರ್ಮನಿಯ ಡೈಮ್ಲರ್ ನಿರ್ಮಿಸಿದ ಮೊದಲ ಪೆಟ್ರೋಲು ದ್ವಿಚಕ್ರಿಯ ಗಾಲಿಗಳು ಮರದವು. ಅವುಗಳಿಗೆ ಕಬ್ಬಿಣದ ಪಟ್ಟಿ ಬಡಿದಿತ್ತು. ಗಾಳಿ ತುಂಬಿದ ಟೈರಿಗೆ ಥಾಮ್ಸನ್ ಎಂಬಾತನು 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದರೂ, ಅದು ಬಳಕೆಗೆ ಬಂದುದು 1888ರಲ್ಲಿ ಡನ್‌ಲಪ್ ಅದನ್ನು ಮತ್ತೆ ಕಂಡುಹಿಡಿದ ಬಳಿಕವೇ. ನಮ್ಮ ನಾಡಿನಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಜಾವಾ ಮತ್ತು ಯೆಜ್ದಿ ವಾಹನಗಳನ್ನು ತಯಾರಿಸುತ್ತಿದ್ದ ಕಾಲದಲ್ಲಿ ಸವಾರನಿಗೆ ಟೈರಿನ ವಿಷಯದಲ್ಲಿ ಹೆಚ್ಚಿನ ಆಯ್ಕೆಯಿರಲಿಲ್ಲ. ಮುಂದಿನ ಗಾಲಿಗೆ ಉದ್ದ ಗೆರೆಗಳ ಟೈರು, ಹಿಂದಿನದಕ್ಕೆ ಗಟ್ಟಿ ಗುಬಟುಗಳ ಟೈರು, ಅಷ್ಟೇ. ಇಂದಾದರೋ ದೇಶದ ಎಂ.ಆರ್.ಎಫ್., ಸಿಯಟ್, ಅಪೊಲೊ ಮೊದಲಾದ ಕಾರ್ಖಾನೆಗಳೂ, ಮಿಶೆಲಿನ್, ಪಿರೆಲ್ಲಿ, ಮೆಟ್ಜೆಲರ್ ಮೊದಲಾದ ಪರದೇಶದ ಕಾರ್ಖಾನೆಗಳೂ ಒಂದೇ ಅಳತೆಯಲ್ಲಿ ನಾನಾ ಬಗೆಯ ಟೈರುಗಳನ್ನು ಮಾರುಕಟ್ಟೆಗೆ ತಂದಿವೆ. ಅವುಗಳಲ್ಲಿ ಮುಖ್ಯವಾದವು ಸ್ಪೋರ್ಟ್ ಮತ್ತು ಟೂರಿಂಗ್ ಎಂಬ ಎರಡು ವರ್ಗಗಳು. ಇವೆರಡರ ನಡುವೆ ಸ್ಪೋರ್ಟ್-ಟೂರಿಂಗ್ ಎಂಬ ಮಿಶ್ರವರ್ಗವೂ ಇದೆ.

2. ನೆಲವನ್ನು ಮುಟ್ಟುವ ಭಾಗವೆಷ್ಟು?

ಮೊದಲು ಒಂದು ಲೆಕ್ಕವನ್ನು ನೋಡೋಣ. ವಾಹನದ ತೂಕ 180 ಕಿಲೋಗ್ರಾಂ, ಸವಾರ 65, ಹಿಂದೆ ಕುಳಿತವರು 60, ಸಾಮಾನು 20 ಎಂದಿಟ್ಟುಕೊಂಡರೆ ಒಟ್ಟು 325 ಕಿಲೋಗ್ರಾಂ ಆಗುವುದು. ಇದರಲ್ಲಿ ಸುಮಾರು 205 ಕಿಲೋಗ್ರಾಂ ಹಿಂದಿನ ಗಾಲಿಯ ಮೇಲೂ 120 ಮುಂದಿನ ಗಾಲಿಯ ಮೇಲೂ ಬೀಳುವುದೆಂದು ಭಾವಿಸೋಣ. ಟೈರಿನೊಳಗಿನ ಗಾಳಿಯ ಒತ್ತಡವು ಹಿಂದೆ ಚದರ ಅಂಗುಲಕ್ಕೆ 33 ಪೌಂಡು, ಮುಂದೆ 29 ಪೌಂಡು ಇದ್ದರೆ, ಭಾರವನ್ನು ಒತ್ತಡದಿಂದ ಭಾಗಿಸಿದಾಗ ನೆಲವನ್ನು ಮುಟ್ಟುವ ಕ್ಷೇತ್ರವು ಹಿಂದೆ ಸುಮಾರು 88 ಚದರ ಸೆಂಟಿಮೀಟರು, ಮುಂದೆ ಸುಮಾರು 59 ಚದರ ಸೆಂಟಿಮೀಟರು ಎಂದು ದೊರೆಯುವುದು. ಟೈರಿನ ಸ್ವಂತ ಬಿಗುವಿನಿಂದ ಈ ಸಂಖ್ಯೆಗಳು ಕೊಂಚ ವ್ಯತ್ಯಾಸವಾಗಬಹುದಾದರೂ ಪ್ರಮಾಣದ ಅರಿವಿಗೆ ಇಷ್ಟು ಸಾಕು. ನಮ್ಮ ಅಂಚೆ ಕಾರ್ಡಿನ ಕ್ಷೇತ್ರ 126 ಚದರ ಸೆಂಟಿಮೀಟರು. ಎಂದಮೇಲೆ ಇಬ್ಬರು ಮನುಷ್ಯರ ಜೀವವು ಒಂದು ಅಂಚೆ ಕಾರ್ಡಿಗಿಂತ ಸ್ವಲ್ಪವೇ ಹೆಚ್ಚಾದ ರಬ್ಬರಿನ ಮೇಲೆ ನಿಂತಿರುವುದು.

ಇದೇ ಲೆಕ್ಕದಿಂದ ಒಂದು ಪ್ರಚಲಿತ ಭ್ರಮೆಯೂ ನಿವಾರಣೆಯಾಗುವುದು. ಅಗಲವಾದ ಟೈರು ನೆಲವನ್ನು ಹೆಚ್ಚು ಮುಟ್ಟುವುದೆಂದು ಅನೇಕರು ನಂಬಿರುವರು. ಭಾರ ಮತ್ತು ಒತ್ತಡಗಳು ಬದಲಾಗದೆ ಇದ್ದಲ್ಲಿ ಮುಟ್ಟುವ ಕ್ಷೇತ್ರವೂ ಹೆಚ್ಚುಕಡಿಮೆ ಅಷ್ಟೇ ಇರುವುದು. ಅದರ ಆಕಾರ ಮಾತ್ರ ಉದ್ದವಾಗಿದ್ದುದು ಅಗಲವಾಗುವುದು. ಅಷ್ಟೇ ಅಲ್ಲ, ಕಿರಿದಾದ ರಿಮ್ಮಿಗೆ ಅಗಲದ ಟೈರನ್ನು ತೊಡಿಸಿದರೆ ಅದರ ಅಂಚುಗಳು ಒಳಕ್ಕೆ ಹಿಂಡಲ್ಪಟ್ಟು, ಟೈರಿನ ದುಂಡು ಕೆಡುವುದು. ಆಗ ವಾಹನವನ್ನು ಬಾಗಿಸುವಾಗ ಅದು ತಯಾರಕರು ಉದ್ದೇಶಿಸಿದಂತೆ ನಡೆಯದು. ಆದುದರಿಂದ ತಯಾರಕರು ಸೂಚಿಸಿದ ಅಳತೆಯನ್ನು ಬಿಡಬಾರದೆಂಬುದು ಆಯ್ಕೆಯ ಮೊದಲನೆಯ ನಿಯಮ.

3. ಹಿಡಿತ ಎಲ್ಲಿಂದ ಬರುವುದು?

ರಬ್ಬರು ನೆಲವನ್ನು ಹಿಡಿಯುವುದು ಎರಡು ವಿಧಗಳಿಂದ. ರಬ್ಬರಿನ ಅಣುಗಳು ಕಲ್ಲಿನ ಮೈಗೆ ಕ್ಷಣಮಾತ್ರ ಅಂಟಿಕೊಂಡು ಬಿಡಿಸಿಕೊಳ್ಳುವುದು ಒಂದು. ರಸ್ತೆಯ ಜಲ್ಲಿಯ ಉಬ್ಬುತಗ್ಗುಗಳಿಗೆ ರಬ್ಬರು ಒತ್ತಿಕೊಂಡು, ಮತ್ತೆ ತನ್ನ ರೂಪಕ್ಕೆ ಮರಳುವಾಗ ಶಕ್ತಿಯ ಒಂದಂಶವನ್ನು ಶಾಖವಾಗಿ ಕಳೆದುಕೊಳ್ಳುವುದು ಇನ್ನೊಂದು. ಒಣ ರಸ್ತೆಯಲ್ಲಿ ಎರಡೂ ಕೆಲಸ ಮಾಡುವುವು. ನೀರು ಬಿದ್ದೊಡನೆ ರಬ್ಬರಿಗೂ ಕಲ್ಲಿಗೂ ನಡುವೆ ತೆಳುವಾದ ಪೊರೆ ಹರಡಿ ಮೊದಲನೆಯದು ಬಹುಮಟ್ಟಿಗೆ ಕುಂದುವುದು. ಎರಡನೆಯದೇ ಉಳಿದ ಆಸರೆ. ಮಳೆನಾಡಿನ ಟೈರಿನ ಪ್ರಶ್ನೆಯೆಲ್ಲ ಈ ಎರಡನೆಯ ಬಗೆಯ ಹಿಡಿತವನ್ನು ಹೇಗೆ ಕಾಯ್ದುಕೊಳ್ಳಬೇಕೆಂಬುದರಲ್ಲಿ ಅಡಗಿದೆ.

ಇಲ್ಲಿ ಉಷ್ಣತೆಯ ಪಾತ್ರ ದೊಡ್ಡದು. ತಣ್ಣಗಿರುವಾಗ ರಬ್ಬರು ಬಿರುಸಾಗಿರುವುದು. ಬಿಸಿಯೇರಿದಂತೆ ಮೆದುವಾಗಿ ಜಲ್ಲಿಯ ಸಂದುಗಳಿಗೆ ಇಳಿಯುವುದು. ಯಾವ ಉಷ್ಣತೆಯಲ್ಲಿ ಅದು ಸರಿಯಾದ ಹದಕ್ಕೆ ಬರಬೇಕೆಂಬುದನ್ನು ತಯಾರಕರು ಮಿಶ್ರಣದಿಂದ ನಿರ್ಧರಿಸುವರು. ಪಂದ್ಯದ ಟೈರುಗಳು ಹೆಚ್ಚಿನ ಶಾಖದಲ್ಲಿ ಮಾತ್ರ ಹದವಾಗುವುವು. ಆದುದರಿಂದಲೇ ಪಂದ್ಯದ ಅಂಗಳದಲ್ಲಿ ಅವುಗಳಿಗೆ ವಿದ್ಯುತ್ ಕಂಬಳಿಯನ್ನು ಹೊದಿಸಿ ಸುಮಾರು 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿಯೇ ಓಟಕ್ಕೆ ಬಿಡುವರು. ರಸ್ತೆಯ ಮೇಲೆ ಬಳಸುವ ಸ್ಪೋರ್ಟ್ ಟೈರಿಗೆ ಅಷ್ಟು ಶಾಖ ಬೇಕಾಗದಿದ್ದರೂ ಅದರ ಪೂರ್ಣಶಕ್ತಿ ಹೊರಬೀಳುವುದು ಬೆಚ್ಚಗಾದ ಮೇಲೆಯೇ. ಟೂರಿಂಗ್ ಟೈರಿನ ಮಿಶ್ರಣವಾದರೋ ತಣ್ಣಗಿರುವಾಗಲೂ ಸಾಕಷ್ಟು ಹಿಡಿಯುವಂತೆ, ಆದರೆ ಬಿಸಿಯಾದಾಗ ಅಷ್ಟು ಏರದಂತೆ ಇರುವುದು.

ಈ ಮಾತನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಬೇಕು. ಆಷಾಢ ಶ್ರಾವಣಗಳಲ್ಲಿ ಬೆಳಗಿನ ಏಳು ಗಂಟೆಗೆ ಹೊಸಬಾಳೆಯಿಂದ ಸೊರಬಕ್ಕೆ ಹೊರಟವನ ಟೈರು ಕಾಯುವುದಕ್ಕೆ ಅವಕಾಶವೇ ಇಲ್ಲ. ದಾರಿ ಸಣ್ಣದು, ವೇಗ ಕಡಿಮೆ. ಸಾಲದುದಕ್ಕೆ ರಸ್ತೆಯ ನೀರು ಹುಟ್ಟಿದ ಶಾಖವನ್ನೆಲ್ಲ ಹೀರಿಕೊಂಡು ಹೋಗುವುದು. ಅಂತಹ ಸಂದರ್ಭದಲ್ಲಿ ಹೆಚ್ಚು ಬೆಲೆ ತೆತ್ತ ಸ್ಪೋರ್ಟ್ ಟೈರು ತನ್ನ ಗುಣವನ್ನು ತೋರದೆ, ಟೂರಿಂಗ್ ಟೈರಿಗಿಂತ ಕೆಳಮಟ್ಟದಲ್ಲಿಯೇ ಉಳಿಯಬಹುದು.

ಮಿಶ್ರಣದ ವಿಷಯದಲ್ಲಿ ಇನ್ನೊಂದು ಸಂಗತಿಯು ನಮ್ಮ ಭತ್ತದ ಸೀಮೆಯವರಿಗೆ ವಿಶೇಷ ಆಸಕ್ತಿಯದು. ಬಹುಕಾಲ ಟೈರಿನ ರಬ್ಬರಿಗೆ ಬಲ ಕೊಡುತ್ತಿದ್ದ ವಸ್ತು ಇಂಗಾಲದ ಕಪ್ಪು ಮಸಿ. 1990ರ ದಶಕದಿಂದ ಮಸಿಯ ಒಂದು ಭಾಗಕ್ಕೆ ಬದಲಾಗಿ ಸಿಲಿಕಾ ಎಂಬ ನುಣುಪಾದ ಪುಡಿಯನ್ನು ಬೆರಸುವ ಪದ್ಧತಿ ಹರಡಿತು. ಉರುಳುವ ಟೈರಿನ ಒಂದೊಂದು ಭಾಗವೂ ಸೆಕೆಂಡಿಗೆ ಕೆಲವೇ ಸಲ ಬಳುಕುವುದು. ಆದರೆ ಟೈರು ಜಾರತೊಡಗಿದಾಗ ಜಲ್ಲಿಯ ಸೂಕ್ಷ್ಮ ಮೊನೆಗಳು ರಬ್ಬರನ್ನು ಸೆಕೆಂಡಿಗೆ ಸಾವಿರಾರು ಸಲ ಅಲುಗಿಸುವುವು. ಸಿಲಿಕಾ ಬೆರೆತ ರಬ್ಬರು ಮೊದಲನೆಯ ಸ್ಥಿತಿಯಲ್ಲಿ ಶಕ್ತಿಯನ್ನು ಕಡಿಮೆ ನುಂಗಿ ಪೆಟ್ರೋಲನ್ನು ಉಳಿಸುವುದು, ಎರಡನೆಯ ಸ್ಥಿತಿಯಲ್ಲಿ ಹೆಚ್ಚು ನುಂಗಿ ಹಿಡಿತವನ್ನು ಕೊಡುವುದು. ಒದ್ದೆ ರಸ್ತೆಯಲ್ಲಿ ಇದರ ಪ್ರಯೋಜನ ಸ್ಪಷ್ಟವಾಗಿ ಕಾಣುವುದು. ಈ ಸಿಲಿಕಾವನ್ನು ಮರಳಿನಿಂದಲ್ಲದೆ ಭತ್ತದ ಉಮಿಯ ಬೂದಿಯಿಂದಲೂ ಪಡೆಯುವರು. ನೂರು ಕಿಲೋಗ್ರಾಂ ಭತ್ತದಲ್ಲಿ ಸುಮಾರು 20 ಕಿಲೋಗ್ರಾಂ ಉಮಿ, ಅದನ್ನು ಸುಟ್ಟರೆ ಸುಮಾರು 4 ಕಿಲೋಗ್ರಾಂ ಬೂದಿ. ಆ ಬೂದಿಯ ಬಹುಭಾಗ ಸಿಲಿಕಾ. ಅಕ್ಕಿ ಗಿರಣಿಯ ಹಿಂದೆ ಗುಡ್ಡೆ ಬೀಳುವ ಉಮಿಗೂ ಮಳೆಯಲ್ಲಿ ನಿಲ್ಲಬೇಕಾದ ಟೈರಿಗೂ ಇಂತಹ ಸಂಬಂಧವಿರುವುದು ವಿದ್ಯಾರ್ಥಿಗಳು ನೆನಪಿಡತಕ್ಕ ವಿಷಯ. ಕೊಳ್ಳುವಾಗ ಮಿಶ್ರಣದಲ್ಲಿ ಸಿಲಿಕಾ ಇದೆಯೆಂದು ತಯಾರಕರು ತಿಳಿಸಿರುವರೇ ಎಂದು ವಿಚಾರಿಸುವುದು ಲೇಸು.

4. ಬಸಿಗಾಲುವೆಯ ಕೆಲಸ

ಅಡಿಕೆ ತೋಟದಲ್ಲಿ ಬಸಿಗಾಲುವೆ ಏಕೆ ಬೇಕೆಂಬುದನ್ನು ಈ ಸೀಮೆಯವರಿಗೆ ಹೇಳಬೇಕಾದುದಿಲ್ಲ. ಟೈರಿನ ಹೊರಮೈಯ ಗೀರುಗಳೂ ಅದೇ ಕೆಲಸವನ್ನು ಮಾಡುವುವು. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ವಾಹನವು ಸೆಕೆಂಡಿಗೆ 16.7 ಮೀಟರು ಸಾಗುವುದು. ನೆಲವನ್ನು ಮುಟ್ಟಿದ ಭಾಗದ ಉದ್ದ ಹತ್ತು ಸೆಂಟಿಮೀಟರು ಎಂದಾದರೆ, ರಬ್ಬರಿನ ಯಾವುದೇ ಬಿಂದುವು ನೆಲದ ಮೇಲಿರುವ ಅವಧಿ ಒಂದು ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಮಾತ್ರ. ಅಷ್ಟರೊಳಗೆ ಕೆಳಗಿನ ನೀರು ಗೀರುಗಳ ಮೂಲಕ ಹೊರಕ್ಕೆ ಹೋಗಬೇಕು. ಹೋಗದಿದ್ದರೆ ಟೈರು ನೀರಿನ ಮೇಲೆ ತೇಲುವುದು.

ಈ ತೇಲುವಿಕೆಯನ್ನು ಅಮೆರಿಕದ ನಾಸಾ ಸಂಸ್ಥೆಯ ಹೋರ್ನ್ ಮತ್ತು ಡ್ರೇಹರ್ ಎಂಬವರು ವಿಮಾನದ ಟೈರುಗಳನ್ನು ಕುರಿತು ವಿಚಾರಿಸಿ 1963ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಅದರ ಸಾರವೇನೆಂದರೆ, ತೇಲತೊಡಗುವ ವೇಗವು ಟೈರಿನ ಗಾಳಿಯ ಒತ್ತಡದ ವರ್ಗಮೂಲಕ್ಕೆ ಅನುಪಾತದಲ್ಲಿರುವುದು. ಆ ಸೂತ್ರದ ಪ್ರಕಾರ 30 ಪೌಂಡು ಒತ್ತಡಕ್ಕೆ ಈ ವೇಗ ಗಂಟೆಗೆ ಸುಮಾರು 91 ಕಿಲೋಮೀಟರು. ಒತ್ತಡ 20 ಪೌಂಡಿಗೆ ಇಳಿದರೆ ಸುಮಾರು 75 ಕಿಲೋಮೀಟರು. ಮೋಟಾರು ಸೈಕಲ್ಲಿನ ಟೈರು ದುಂಡಾಗಿರುವುದರಿಂದ ಅದು ನೀರನ್ನು ದೋಣಿಯ ಮೂತಿಯಂತೆ ಸೀಳುವುದು. ಆದುದರಿಂದ ಸಂಖ್ಯೆಗಳನ್ನು ಯಥಾವತ್ತಾಗಿ ತೆಗೆದುಕೊಳ್ಳದೆ ಅನುಪಾತವನ್ನು ಮಾತ್ರ ಗ್ರಹಿಸಬೇಕು. ಗಾಳಿ ಇಳಿದ ಟೈರು ಬೇಗ ತೇಲುವುದೆಂಬ ಪಾಠ ಎರಡಕ್ಕೂ ಸಮಾನ.

ಸ್ಪೋರ್ಟ್ ಟೈರಿನಲ್ಲಿ, ಮುಖ್ಯವಾಗಿ ಅದರ ಬದಿಗಳಲ್ಲಿ, ಗೀರುಗಳು ವಿರಳ. ಒಣ ರಸ್ತೆಯಲ್ಲಿ ಹೆಚ್ಚು ರಬ್ಬರು ನೆಲಕ್ಕೆ ತಾಗಲೆಂದು ಹಾಗೆ ಮಾಡುವರು. ಟೂರಿಂಗ್ ಟೈರಿನಲ್ಲಿ ಗೀರುಗಳು ಹೆಚ್ಚು. ಅವು ನಡುವಿನಿಂದ ಬದಿಯವರೆಗೆ ಹರಿದಿರುವುವು, ಆಳವೂ ಸಾಮಾನ್ಯವಾಗಿ ಹೆಚ್ಚು. ಬಾಳಿಕೆಯಲ್ಲಿಯೂ ಅಂತರವುಂಟು. ಮೆದು ಮಿಶ್ರಣದ ಸ್ಪೋರ್ಟ್ ಟೈರು ಹಿಂದಿನ ಗಾಲಿಯಲ್ಲಿ ಹತ್ತು ಸಾವಿರ ಕಿಲೋಮೀಟರಿಗೆ ಮೊದಲೇ ಮುಗಿಯುವುದು ಸಾಮಾನ್ಯ. ಟೂರಿಂಗ್ ಟೈರು ಅದನ್ನು ದಾಟಿ ಬಹುದೂರ ಬರುವುದು. ಮಿಶ್ರವರ್ಗದ ಕೆಲವು ಟೈರುಗಳಲ್ಲಿ ನಡುವೆ ಗಟ್ಟಿ ರಬ್ಬರನ್ನೂ ಎರಡು ಬದಿಗಳಲ್ಲಿ ಮೆದು ರಬ್ಬರನ್ನೂ ಕೂಡಿಸಿರುವರು.

5. ತಿರುವುಗಳಲ್ಲಿ ಎಷ್ಟು ಹಿಡಿತ ಬೇಕು?

ಘಾಟಿ ಇಳಿಯುವುದಕ್ಕೆ ಸ್ಪೋರ್ಟ್ ಟೈರೇ ಬೇಕೆಂದು ವಾದಿಸುವವರಿದ್ದಾರೆ. ಸೊರಬ ಸೀಮೆಯಿಂದ ಕರಾವಳಿಗೆ ಇಳಿಯುವವರು ಶಿರಸಿಯ ಮೇಲೆ ದೇವಿಮನೆ ಘಾಟಿಯನ್ನೋ, ಸಾಗರ ಜೋಗಗಳ ಮೇಲೆ ಗೇರುಸೊಪ್ಪೆಯ ಘಾಟಿಯನ್ನೋ ಹಿಡಿಯುವರು. ಅಲ್ಲಿ ತಿರುವುಗಳು ಧಾರಾಳ. ಆದುದರಿಂದ ಈ ವಾದವನ್ನು ಲೆಕ್ಕದಿಂದ ಪರಿಶೀಲಿಸುವುದು ಯುಕ್ತ.

ತಿರುವಿನಲ್ಲಿ ವಾಹನವು ಎಷ್ಟು ಬಾಗಬೇಕೆಂಬುದು ಹೀಗೆ ದೊರೆಯುವುದು: ಬಾಗುಕೋನದ ಟ್ಯಾಂಜೆಂಟ್ ಎಂಬುದು ವೇಗದ ವರ್ಗವನ್ನು ತಿರುವಿನ ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದ ಸಂಖ್ಯೆ. ಸಮತಲದ ರಸ್ತೆಯಲ್ಲಿ ಜಾರದೆ ಇರಲು ಬೇಕಾದ ಘರ್ಷಣ ಗುಣಾಂಕವೂ ಅದೇ ಸಂಖ್ಯೆ. ತ್ರಿಜ್ಯ 20 ಮೀಟರು ಇರುವ ಬಿಗಿಯಾದ ತಿರುವನ್ನು ತೆಗೆದುಕೊಳ್ಳೋಣ. ಗಂಟೆಗೆ 30 ಕಿಲೋಮೀಟರು ವೇಗಕ್ಕೆ ಈ ಸಂಖ್ಯೆ 0.35, ಬಾಗುಕೋನ ಸುಮಾರು 19 ಡಿಗ್ರಿ. 40 ಕಿಲೋಮೀಟರಿಗೆ ಸಂಖ್ಯೆ 0.63, ಕೋನ 32 ಡಿಗ್ರಿ. 50 ಕಿಲೋಮೀಟರಿಗೆ ಸಂಖ್ಯೆ ಒಂದರ ಸಮೀಪಕ್ಕೂ ಕೋನ 45 ಡಿಗ್ರಿಯ ಸಮೀಪಕ್ಕೂ ಬರುವುದು. ಸ್ಪೋರ್ಟ್ ಟೈರನ್ನು ರೂಪಿಸಿರುವುದು ಈ ಕೊನೆಯ ಬಗೆಯ ಬಾಗುವಿಕೆಗೆ. ಎದುರಿನಿಂದ ಬಸ್ಸು ಬರಬಹುದಾದ, ಆಚೆಯ ಬದಿ ಕಾಣದ ಘಾಟಿಯ ತಿರುವಿನಲ್ಲಿ ಅಷ್ಟು ಬಾಗಿ ಹೋಗುವವನ ಸಾಹಸವನ್ನು ಯಾವ ಟೈರೂ ಸುರಕ್ಷಿತವಾಗಿ ಮಾಡಲಾರದು.

ಇನ್ನು ಮಳೆಗಾಲದ ಲೆಕ್ಕ. ತೊಯ್ದ ರಸ್ತೆಯಲ್ಲಿ ಒಂದು ಟೈರಿನ ಗುಣಾಂಕ 0.4, ಅದಕ್ಕಿಂತ ಮೇಲಾದ ಇನ್ನೊಂದರದು 0.5 ಎಂದು ಭಾವಿಸಿದರೆ, ಇದೇ ತಿರುವಿನಲ್ಲಿ ಜಾರದೆ ಹೋಗಬಹುದಾದ ಪರಮಾವಧಿ ವೇಗ ಮೊದಲನೆಯದಕ್ಕೆ ಸುಮಾರು 32, ಎರಡನೆಯದಕ್ಕೆ ಸುಮಾರು 36 ಕಿಲೋಮೀಟರು. ಒಳ್ಳೆಯ ಟೈರಿನಿಂದ ತಿರುವಿನಲ್ಲಿ ದೊರೆತ ಲಾಭ ನಾಲ್ಕು ಕಿಲೋಮೀಟರು. ಆ ನಾಲ್ಕು ಕಿಲೋಮೀಟರನ್ನು ವೇಗ ಹೆಚ್ಚಿಸಲು ವ್ಯಯಮಾಡಿದರೆ ಟೈರಿಗೆ ತೆತ್ತ ಹಣ ವ್ಯರ್ಥವಾಯಿತು. ಹಳೆಯ ವೇಗದಲ್ಲಿಯೇ ಹೋಗಿ ಅದನ್ನು ಉಳಿತಾಯವಾಗಿಟ್ಟರೆ, ದಾರಿಗಡ್ಡ ದನ ಬಂದಾಗ ಅದು ನೆರವಾಗುವುದು.

ವಾಹನವನ್ನು ನಿಲ್ಲಿಸುವ ಲೆಕ್ಕದಲ್ಲಿ ಲಾಭ ಇನ್ನೂ ಸ್ಪಷ್ಟ. 60 ಕಿಲೋಮೀಟರು ವೇಗದಲ್ಲಿ ಬ್ರೇಕು ಹಿಡಿದ ಮೇಲೆ ನಿಲ್ಲುವ ದೂರವು ಗುಣಾಂಕ 0.8 ಇರುವ ಒಣ ಡಾಂಬರಿನಲ್ಲಿ ಸುಮಾರು 18 ಮೀಟರು, 0.5ಕ್ಕೆ ಇಳಿದರೆ 28 ಮೀಟರು, ಕೆಸರು ಮೆತ್ತಿ 0.3 ಆದರೆ 47 ಮೀಟರು. ಇದಕ್ಕೆ ಮೊದಲು ಸವಾರನ ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿಯೇ 17 ಮೀಟರು ಕಳೆದಿರುವುದು. 125 ಘನ ಸೆಂಟಿಮೀಟರಿಗಿಂತ ದೊಡ್ಡ ಎಂಜಿನ್ನಿನ ಹೊಸ ವಾಹನಗಳಲ್ಲಿ 2019ರಿಂದ ಕಡ್ಡಾಯವಾಗಿರುವ ಎ.ಬಿ.ಎಸ್. ಸಾಧನವು ಗಾಲಿ ಬಿಗಿದುಕೊಂಡು ಜಾರದಂತೆ ತಡೆಯುವುದೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು. ಹಿಡಿತ ಬರಬೇಕಾದುದು ಟೈರಿನಿಂದಲೇ.

6. ನಮ್ಮ ರಸ್ತೆಗಳ ವಿಶೇಷ

ಸೊರಬವು ಮಲೆನಾಡಿನ ಅಂಚು, ಶಿಕಾರಿಪುರವು ಅರೆಮಲೆನಾಡು. ಎರಡು ತಾಲ್ಲೂಕುಗಳ ರಸ್ತೆಗಳಲ್ಲಿ ಋತುವಿಗೊಂದು ಅಪಾಯವುಂಟು. ಬೇಸಗೆಯುದ್ದಕ್ಕೂ ರಸ್ತೆಯ ಮೇಲೆ ಬಿದ್ದ ಎಣ್ಣೆಯೂ ಧೂಳೂ ಮೊದಲ ಮಳೆಗೆ ಕಲೆತು ಸಾಬೂನಿನಂತಾಗುವುವು; ಕೆಲವು ಭರ್ಜರಿ ಮಳೆಗಳು ತೊಳೆದ ಮೇಲೆ ಅದೇ ರಸ್ತೆ ಎಷ್ಟೋ ವಾಸಿ. ನಾಟಿಯ ಕಾಲದಲ್ಲಿ ಗದ್ದೆಯಿಂದ ಮೇಲೇರಿದ ಟ್ರ್ಯಾಕ್ಟರು ಕೆಸರಿನ ಹೆಂಟೆಗಳನ್ನು ಡಾಂಬರಿನ ಮೇಲೆ ಉದುರಿಸುತ್ತ ಹೋಗುವುದು. ತೋಟದ ಮಗ್ಗುಲಿನ ದಾರಿಗಳಲ್ಲಿ ಬಿದ್ದ ಅಡಿಕೆ ಸೋಗೆ, ನೆರಳಿನಲ್ಲಿ ಬೆಳೆದ ಪಾಚಿ. ಸುಗ್ಗಿಯಲ್ಲಿ ಶಿಕಾರಿಪುರದ ಕಡೆ ರಸ್ತೆಯ ಮೇಲೆಯೇ ಮೆಕ್ಕೆಜೋಳವನ್ನು ಒಣಹಾಕುವರು. ಕಾಳಿನ ಮೇಲೆ ಏರಿದ ಗಾಲಿಯಲ್ಲಿ ಹಿಡಿತ ಉಳಿಯುವುದಿಲ್ಲ. ಕಾಳುಗಳೇ ಉರುಳುವುದರಿಂದ ಅಲ್ಲಿ ಸ್ಪೋರ್ಟ್ ಟೈರು, ಟೂರಿಂಗ್ ಟೈರು ಎಂಬ ಭೇದವೇ ಇಲ್ಲ. ಅಂತಹ ಕಡೆ ಬ್ರೇಕು ಹಿಡಿಯದೆ, ವಾಹನವನ್ನು ನೇರವಾಗಿಟ್ಟು, ನಿಧಾನವಾಗಿ ದಾಟುವುದೊಂದೇ ಉಪಾಯ.

ಹೀಗೆ ನೋಡಿದಾಗ ಈ ಸೀಮೆಯ ಸವಾರನಿಗೆ ವರ್ಷದ ಬಹುಭಾಗ ಬೇಕಾದುದು ತಣ್ಣನೆಯ, ಒದ್ದೆಯಾದ, ಶುಭ್ರವಲ್ಲದ ರಸ್ತೆಯಲ್ಲಿನ ಸಾಧಾರಣ ವೇಗದ ಹಿಡಿತ. ಅದನ್ನು ಕೊಡುವುದು ಟೂರಿಂಗ್ ವರ್ಗ, ಅಥವಾ ಬದಿಯವರೆಗೆ ಗೀರುಗಳಿರುವ ಸ್ಪೋರ್ಟ್-ಟೂರಿಂಗ್ ವರ್ಗ. ಬೇಸಗೆಯಲ್ಲಿ ದೂರದ ಹೆದ್ದಾರಿಗಳಲ್ಲಿ ಮಾತ್ರ ವೇಗವಾಗಿ ಓಡಿಸುವ, ಮಳೆಗಾಲದಲ್ಲಿ ವಾಹನವನ್ನು ಹೊರಗೆ ತೆಗೆಯದ ಸವಾರನು ಸ್ಪೋರ್ಟ್ ಟೈರನ್ನು ಬಯಸಿದರೆ ಆಕ್ಷೇಪಣೆಯಿಲ್ಲ. ಅಂತಹವರು ಈ ಎರಡು ತಾಲ್ಲೂಕುಗಳಲ್ಲಿ ವಿರಳವೆಂಬುದು ಮಾತ್ರ ನಿಜ.

7. ಟೈರಿನ ಮೇಲಿನ ಬರಹವನ್ನು ಓದುವ ಕ್ರಮ

ಟೈರಿನ ಬದಿಯಲ್ಲಿ 110/80-17 57 ಪಿ ಎಂಬಂತಹ ಬರಹವಿರುವುದು. ಇದರಲ್ಲಿ 110 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 80 ಎಂಬುದು ಆ ಅಗಲದ ಶೇಕಡ ಎಷ್ಟು ಎತ್ತರವಿದೆಯೆಂಬ ಸೂಚನೆ. 17 ಎಂಬುದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. ಇಬ್ಬರು ಸವಾರರಿಗೆ ಮುಖ್ಯವಾದುದು ಮುಂದಿನ 57. ಅದು ಭಾರದ ಸಂಕೇತ. 52 ಎಂದರೆ 200 ಕಿಲೋಗ್ರಾಂ, 54 ಎಂದರೆ 212, 57 ಎಂದರೆ 230, 62 ಎಂದರೆ 265. ಎರಡನೆಯ ಭಾಗದ ಲೆಕ್ಕದಲ್ಲಿ ಹಿಂದಿನ ಗಾಲಿಯ ಮೇಲೆ 205 ಕಿಲೋಗ್ರಾಂ ಬಿದ್ದುದನ್ನು ವಾಚಕರು ಸ್ಮರಿಸಬೇಕು. ಅಲ್ಲಿ 52ರ ಟೈರು ಸಾಲದು, 54ರದು ಅಂಚಿನಲ್ಲಿ ನಿಲ್ಲುವುದು, 57ರದು ನಿಶ್ಚಿಂತೆ. ಅಡಿಕೆ ಚೀಲವನ್ನೂ ಹೇರುವ ರೂಢಿಯಿದ್ದವರು ತಮ್ಮ ನಿಜವಾದ ಹೊರೆಯನ್ನು ಒಮ್ಮೆ ಕೂಡಿ ನೋಡುವುದು ಅವಶ್ಯಕ.

ಕೊನೆಯ ಅಕ್ಷರವು ವೇಗದ ಸಂಕೇತ. 'ಪಿ' ಎಂದರೆ ಗಂಟೆಗೆ 150 ಕಿಲೋಮೀಟರು, 'ಎಸ್' 180, 'ಎಚ್' 210, 'ಡಬ್ಲ್ಯು' 270. ತಯಾರಕರು ಸೂಚಿಸಿದುದಕ್ಕಿಂತ ಭಾರದ ಸಂಖ್ಯೆಯಾಗಲಿ ವೇಗದ ಅಕ್ಷರವಾಗಲಿ ಕೆಳಗಿರಬಾರದು. ಮೇಲಿದ್ದರೆ ಅಡ್ಡಿಯಿಲ್ಲ, ಆದರೆ ಎಂದೂ ಮುಟ್ಟದ ವೇಗಕ್ಕಾಗಿ ಹೆಚ್ಚು ಹಣ ತೆರುವುದರಲ್ಲಿ ಅರ್ಥವಿಲ್ಲ.

ಟೈರು ತಯಾರಾದ ಕಾಲವನ್ನು ನಾಲ್ಕು ಅಂಕಗಳಲ್ಲಿ ಬರೆದಿರುವರು. ಮೊದಲ ಎರಡು ವಾರವನ್ನೂ ಮುಂದಿನ ಎರಡು ವರ್ಷವನ್ನೂ ಸೂಚಿಸುವುವು. 1424 ಎಂದರೆ 2024ನೆಯ ವರ್ಷದ ಹದಿನಾಲ್ಕನೆಯ ವಾರ. ರಬ್ಬರು ಬಳಸದೆ ಇಟ್ಟರೂ ಗಾಳಿ ಬೆಳಕುಗಳಿಗೆ ಮುದಿಯಾಗಿ ಬಿರುಸಾಗುವುದು. ಸಣ್ಣ ಊರಿನ ಅಂಗಡಿಯಲ್ಲಿ ಹೆಚ್ಚು ಮಾರಾಟವಿಲ್ಲದ ಅಳತೆಯ ಟೈರು ವರ್ಷಗಟ್ಟಲೆ ಕುಳಿತಿರುವುದು ಅಸಂಭವವಲ್ಲ. ಆದುದರಿಂದ ಹಣ ಕೊಡುವ ಮೊದಲು ಈ ಅಂಕಗಳನ್ನು ನೋಡಲೇಬೇಕು. ಜೊತೆಗೆ ಭಾರತೀಯ ಮಾನಕ ಸಂಸ್ಥೆಯ ಐ.ಎಸ್.ಐ. ಮುದ್ರೆ ಇದೆಯೇ ಎಂಬುದನ್ನೂ, ತಿರುಗಬೇಕಾದ ದಿಕ್ಕನ್ನು ತೋರುವ ಬಾಣದ ಗುರುತು ಎತ್ತ ಇದೆಯೆಂಬುದನ್ನೂ ಗಮನಿಸಬೇಕು.

ಇನ್ನು ರಚನೆಯ ಮಾತು. ಒಳಗಿನ ನೂಲಿನ ಪದರಗಳನ್ನು ಓರೆಯಾಗಿ ಹಾಸಿದ್ದರೆ ಬಯಾಸ್ ಟೈರು, ಅಂಚಿನಿಂದ ಅಂಚಿಗೆ ನೇರವಾಗಿ ಹಾಸಿದ್ದರೆ ರೇಡಿಯಲ್ ಟೈರು. ಬಯಾಸ್ ಟೈರಿನ ಬದಿ ಬಿಗಿ. ಹೊರೆಗೂ ಹೊಂಡದ ರಸ್ತೆಗೂ ಒಗ್ಗುವುದು. ರೇಡಿಯಲ್ ಟೈರು ವೇಗದಲ್ಲಿ ಕಡಿಮೆ ಕಾಯುವುದು. ಅಳತೆಯ ಬರಹದಲ್ಲಿ 'ಆರ್' ಅಕ್ಷರವಿದ್ದರೆ ಅದು ರೇಡಿಯಲ್. ತಯಾರಕರು ಒಪ್ಪದ ಹೊರತು ಮುಂದೊಂದು ಹಿಂದೊಂದು ಬಗೆಯನ್ನು ಬೆರಸಬಾರದು. ಟ್ಯೂಬಿಲ್ಲದ ಟೈರಿನಲ್ಲಿ ಮೊಳೆ ಚುಚ್ಚಿದರೆ ಗಾಳಿ ನಿಧಾನವಾಗಿ ಇಳಿಯುವುದರಿಂದ ಅದು ಕ್ಷೇಮಕರ. ಆದರೆ ಸಾಮಾನ್ಯವಾದ ಕಡ್ಡಿಗಳ ಗಾಲಿಯು ಗಾಳಿಯನ್ನು ಹಿಡಿದಿಡಲಾರದು. ಅದಕ್ಕೆ ಟ್ಯೂಬು ಬೇಕೇ ಬೇಕು.

8. ಬದಲಾಯಿಸುವ ಕಾಲ ಮತ್ತು ಬಳಿಕದ ಆರೈಕೆ

ಗೀರುಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಬ್ಬಗಳಿರುವುವು. ದ್ವಿಚಕ್ರ ವಾಹನಗಳಲ್ಲಿ ಇವುಗಳ ಎತ್ತರ ಸಾಮಾನ್ಯವಾಗಿ 0.8 ಮಿಲಿಮೀಟರು. ಹೊರಮೈ ಸವೆದು ಈ ದಿಬ್ಬಗಳ ಮಟ್ಟಕ್ಕೆ ಬಂದಿತೆಂದರೆ ಟೈರಿನ ಆಯುಷ್ಯ ತೀರಿತು. ಬಯಲುಸೀಮೆಯ ಒಣ ರಸ್ತೆಯಲ್ಲಿ ಅಲ್ಲಿಯವರೆಗೆ ಕಾಯಬಹುದು. ಮಳೆನಾಡಿನಲ್ಲಿ ಹಾಗಲ್ಲ, ಬಸಿಗಾಲುವೆ ಹೂತುಹೋದ ತೋಟದಂತೆ, ಆಳ ಎರಡು ಮಿಲಿಮೀಟರಿಗೆ ಇಳಿದ ಟೈರು ನೀರನ್ನು ಹೊರಹಾಕುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಂಡಿರುವುದು. ಅಂತಹ ಟೈರನ್ನು ಮಳೆಗಾಲಕ್ಕೆ ಉಳಿಸಿಕೊಳ್ಳದೆ ಬೇಸಗೆಯ ಕೊನೆಯಲ್ಲಿಯೇ ಬದಲಾಯಿಸುವುದು ಮೇಲು.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಅಚ್ಚಿನಿಂದ ಬಂದ ಹೊಸ ಟೈರಿನ ಮೈ ನಯವಾಗಿದ್ದು ಮೊದಲ ನೂರು ನೂರೈವತ್ತು ಕಿಲೋಮೀಟರುಗಳಲ್ಲಿ ಜಾರುವ ಸಂಭವ ಹೆಚ್ಚು. ಈ ದೂರವನ್ನು ಒಣ ರಸ್ತೆಯಲ್ಲಿ, ನಿಧಾನವಾಗಿ, ದಿನದಿಂದ ದಿನಕ್ಕೆ ತುಸುತುಸುವೇ ಹೆಚ್ಚು ಬಾಗಿಸುತ್ತ ಕಳೆಯಬೇಕು. ರೋಹಿಣಿ ಮಳೆಗೆ ಮುಂಚೆ ಟೈರು ಹಾಕಿಸಿದವನಿಗೆ ಮೃಗಶಿರೆ ಹಿಡಿಯುವ ವೇಳೆಗೆ ಹದಗೊಂಡ ಟೈರು ಸಿದ್ಧವಾಗಿರುವುದು. ರೈತನು ಬಿತ್ತನೆಯ ಸಿದ್ಧತೆಯನ್ನು ಮಾಡುವ ಕಾಲವೇ ಸವಾರನಿಗೂ ತಕ್ಕ ಕಾಲ.

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಉಷ್ಣತೆ ಹತ್ತು ಡಿಗ್ರಿ ಇಳಿದರೆ ಒತ್ತಡವು ಸುಮಾರು ಒಂದೂವರೆ ಪೌಂಡು ಇಳಿಯುವುದು. ಏಪ್ರಿಲಿನ ಮಧ್ಯಾಹ್ನ ತುಂಬಿಸಿ ಜುಲೈಯವರೆಗೆ ಮರೆತ ಟೈರು, ಸೋರಿಕೆಯೂ ಕೂಡಿ, ತೀರ ಮೆತ್ತಗಾಗಿರುವುದು. ಹದಿನೈದು ದಿನಗಳಿಗೊಮ್ಮೆಯಾದರೂ ಪರೀಕ್ಷಿಸುವ ಅಭ್ಯಾಸವು ಟೈರಿನ ಜಾತಿಯ ಆಯ್ಕೆಯಷ್ಟೇ ಮಹತ್ವದ್ದು. ಅದಕ್ಕೆ ಖರ್ಚೂ ಇಲ್ಲ. ಐದು ವರ್ಷ ಕಳೆದ ಟೈರಿನ ಬದಿಗಳಲ್ಲಿ ಬಿರುಕು ಕಾಣುವುದೇ ಎಂದು ವರ್ಷಕ್ಕೊಮ್ಮೆ ನೋಡಿಸಬೇಕು.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಫಲಿಸುವುದು ಇಷ್ಟು. ಟೈರನ್ನು ಅದರ ಅತ್ಯುನ್ನತ ಸಾಮರ್ಥ್ಯದಿಂದ ಅಳೆಯದೆ, ನಮ್ಮ ಅತ್ಯಂತ ಕಷ್ಟದ ದಿನದಲ್ಲಿ ಅದು ಏನು ಮಾಡಬಲ್ಲುದೆಂಬುದರಿಂದ ಅಳೆಯಬೇಕು. ಹೊಸಬಾಳೆಯ ಸವಾರನ ಕಷ್ಟದ ದಿನವೆಂದರೆ ಪಂದ್ಯದ ಅಂಗಳದ ಬಿಸಿಲಲ್ಲ. ಪುಷ್ಯ ಮಳೆಯ ಸಂಜೆ, ಹಿಂದೆ ಮನೆಯವರನ್ನು ಕೂರಿಸಿಕೊಂಡು, ಕೆಸರು ಮೆತ್ತಿದ ರಸ್ತೆಯಲ್ಲಿ ಮನೆಗೆ ಮರಳುವುದು. ಆ ದಿನಕ್ಕೆ ತಕ್ಕುದು ಸೂಚಿಸಿದ ಅಳತೆಯ, ಭಾರದ ಸಂಖ್ಯೆ ಸಾಕಷ್ಟಿರುವ, ಇತ್ತೀಚೆಗೆ ತಯಾರಾದ, ಆಳವಾದ ಗೀರುಗಳ ಟೂರಿಂಗ್ ಟೈರು. ಸಾಧ್ಯವಾದರೆ ಮುಂದಿನದು ಹಿಂದಿನದು ಎರಡೂ ಒಂದೇ ಬಗೆಯವಾಗಿರಲಿ. ಒಂದನ್ನೇ ಬದಲಾಯಿಸುವ ಸಂದರ್ಭ ಬಂದರೂ, ಬ್ರೇಕಿನ ಹೆಚ್ಚಿನ ಭಾರ ಬೀಳುವ ಮುಂದಿನ ಗಾಲಿಗೆ ಸವೆದುದನ್ನು ಉಳಿಸುವ ತಪ್ಪು ಬೇಡ. ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು ಘರ್ಷಣೆಯ ಪಾಠದಲ್ಲಿ ಇಳಿಜಾರು ಹಲಗೆಯ ಜೊತೆಗೆ ಈ ಉದಾಹರಣೆಯನ್ನೂ ತೆಗೆದುಕೊಂಡು, ವಿದ್ಯಾರ್ಥಿಗಳು ತಂತಮ್ಮ ವಾಹನಗಳ ಟೈರುಗಳ ಬರಹ, ಗೀರಿನ ಆಳ ಮತ್ತು ಗಾಳಿಯ ಒತ್ತಡಗಳನ್ನು ಅಳೆದು ಲೆಕ್ಕ ಮಾಡುವಂತೆ ಪ್ರೇರೇಪಿಸಿದರೆ, ಪಾಠವೂ ಮನಸ್ಸಿನಲ್ಲಿ ನಿಲ್ಲುವುದು, ಕೆಲವರ ಜೀವವೂ ಉಳಿಯುವುದೆಂದು ನಾವು ನಂಬುತ್ತೇವೆ.